ಈ ಬೆಲೆಗೆ ಈ ಷೇರು ತಗೋಬಹುದಾ? ಲೆಕ್ಕ ಹಾಕಿ ನೋಡುವ ಬಗೆ

ಷೇರು ಕೊಳ್ಳುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದು ಮೇಲೆ ಹೋಗುತ್ತಾ? ಈ ಪ್ರಶ್ನೆಗೆ ಗಣಿತದ ಹತ್ತಿರ ಉತ್ತರ ಇಲ್ಲ. ಇದೆ ಅನ್ನುವವರ ಹತ್ತಿರ ಸ್ವಲ್ಪ ಹುಷಾರಾಗಿರಿ. ಆದರೆ ಇನ್ನೊಂದು ಪ್ರಶ್ನೆಗೆ ಗಣಿತ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಇವತ್ತಿನ ಬೆಲೆ ನ್ಯಾಯವಾದದ್ದು ಅನ್ನಿಸಬೇಕಾದರೆ ಕಂಪನಿ ಮುಂದೆ ಏನೇನು ಮಾಡಿ ತೋರಿಸಬೇಕು? ಅದು ಗೊತ್ತಾದರೆ, ಅಷ್ಟು ಈ ಕಂಪನಿಯಿಂದ ಆಗುವ ಮಾತಾ ಅಂತ ನೀವೇ ಯೋಚಿಸಬಹುದು. ಕೆಳಗೆ ಬರೆದಿರುವುದೆಲ್ಲ ಈ ಎರಡನೇ ಪ್ರಶ್ನೆಯ ಕಡೆಗೆ ಹೋಗುವ ದಾರಿ.

ದೊಡ್ಡ ಗಣಿತ ಏನೂ ಬೇಡ. ಕೂಡುವುದು, ಕಳೆಯುವುದು, ಭಾಗಿಸುವುದು, ಜೊತೆಗೆ ಚಕ್ರಬಡ್ಡಿಯ ಲೆಕ್ಕ. ಚಕ್ರಬಡ್ಡಿ ಅರ್ಥವಾಗಿದ್ದರೆ ಮುಕ್ಕಾಲು ಕೆಲಸ ಆದ ಹಾಗೆ. ಒಂದು ಸ್ಪ್ರೆಡ್‌ಶೀಟ್ ಇದ್ದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಮೊದಲು ಅಂಕಿಗಳು

ಕಂಪನಿಯ ವಾರ್ಷಿಕ ವರದಿಯಲ್ಲಿ ಮೂರು ಪಟ್ಟಿಗಳಿರುತ್ತವೆ: ಲಾಭ-ನಷ್ಟದ್ದು, ಬ್ಯಾಲೆನ್ಸ್ ಶೀಟ್ (ಆಸ್ತಿ, ಸಾಲಗಳದ್ದು), ಕ್ಯಾಶ್ ಫ್ಲೋ (ನಗದು ಬಂದು ಹೋದದ್ದು). ಮೂರನ್ನೂ ತೆಗೆದುಕೊಳ್ಳಿ. ಒಂದೇ ವರ್ಷದ್ದು ಸಾಲದು. ಕಡೇಪಕ್ಷ ಐದು ವರ್ಷದ್ದು ಇರಲಿ, ಹತ್ತು ಸಿಕ್ಕರೆ ಇನ್ನೂ ಒಳ್ಳೆಯದು. ಕಂಪನಿಗೆ ಅಂಗಸಂಸ್ಥೆಗಳಿದ್ದರೆ ಅವನ್ನೂ ಸೇರಿಸಿದ ಲೆಕ್ಕವನ್ನೇ ನೋಡಿ. ಸಾಲವನ್ನೆಲ್ಲ ಅಂಗಸಂಸ್ಥೆಯ ತಲೆಗೆ ಕಟ್ಟಿ ತಾನು ಶುದ್ಧವಾಗಿ ಕಾಣುವ ಕಂಪನಿಗಳಿಗೆ ಕಡಿಮೆಯಿಲ್ಲ.

ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಕಂಪನಿ ಇಟ್ಟುಕೊಳ್ಳೋಣ. ನೀರೆತ್ತುವ ಪಂಪು ಮಾಡುವ ಕಂಪನಿ. ನಾಣ್ಯ ಯಾವುದಾದರೂ ಆಗಲಿ, ಲೆಕ್ಕ ಒಂದೇ. ಹಾಗಾಗಿ ಬರೀ ಅಂಕಿ ಬರೆಯುತ್ತೇನೆ. ಕಂಪನಿಗೆ ಇರುವುದು 1 ಕೋಟಿ ಷೇರು. ಆದ್ದರಿಂದ ಕೆಳಗಿನ ಕೋಟಿಯ ಅಂಕಿಗಳೇ ಒಂದೊಂದು ಷೇರಿನ ಪಾಲೂ ಆಗುತ್ತವೆ.

ಷೇರಿನ ಬೆಲೆ: 300
ಮಾರಾಟ: 200 ಕೋಟಿ
ಬಡ್ಡಿ, ತೆರಿಗೆ ಕಳೆಯುವ ಮುಂಚಿನ ಲಾಭ: 26 ಕೋಟಿ
ಬಡ್ಡಿ 6, ತೆರಿಗೆ 5, ಉಳಿದ ನಿವ್ವಳ ಲಾಭ: 15 ಕೋಟಿ
ಒಟ್ಟು ಆಸ್ತಿ: 200 ಕೋಟಿ. ಇದರಲ್ಲಿ ಷೇರುದಾರರ ಬಂಡವಾಳ 100, ಸಾಲ 60, ಬೇರೆ ಬಾಕಿಗಳು 40
ಕೈಯಲ್ಲಿರುವ ನಗದು: 20 ಕೋಟಿ
ಷೇರುದಾರರಿಗೆ ಹಂಚಿದ ಲಾಭ (ಡಿವಿಡೆಂಡ್): 5 ಕೋಟಿ

ಪಿ.ಇ: ಅಲ್ಲಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ

ಬೆಲೆಯನ್ನು ಒಂದು ಷೇರಿನ ಲಾಭದಿಂದ ಭಾಗಿಸಿದರೆ ಪಿ.ಇ. ಇಲ್ಲಿ 300 ÷ 15 = 20. ಇದನ್ನು ತಲೆಕೆಳಗು ಮಾಡಿ ನೋಡಿ: 15 ÷ 300 = ಶೇ 5. ನೀವು ಹಾಕುವ ಪ್ರತಿ ನೂರಕ್ಕೆ ಈ ವರ್ಷ ಕಂಪನಿ ದುಡಿದದ್ದು ಐದು. ನನಗೆ ಈ ತಲೆಕೆಳಗಿನ ಅಂಕಿಯೇ ಇಷ್ಟ, ಯಾಕೆಂದರೆ ಅದನ್ನು ಬ್ಯಾಂಕಿನ ಠೇವಣಿ ಬಡ್ಡಿಯ ಪಕ್ಕದಲ್ಲಿ ನೇರವಾಗಿ ಇಟ್ಟು ನೋಡಬಹುದು. ಠೇವಣಿಯೇ ಶೇ 7 ಕೊಡುತ್ತಿದ್ದರೆ, ಶೇ 5 ದುಡಿಯುವ ಷೇರನ್ನು ಯಾಕೆ ಕೊಳ್ಳಬೇಕು? ಉತ್ತರ ಒಂದೇ: ಈ 15 ಮುಂದೆ ಬೆಳೆಯುತ್ತದೆ ಅನ್ನುವ ನಂಬಿಕೆ. ಹಾಗಾದರೆ ಎಷ್ಟು ಬೆಳೆಯಬೇಕು? ಅದಕ್ಕೆ ಆಮೇಲೆ ಬರೋಣ.

ಪಿ.ಇ ಕಡಿಮೆ ಇದ್ದರೆ ಅಗ್ಗ ಅನ್ನುವುದು ನಾನು ದುಡ್ಡು ಕೊಟ್ಟು ಕಲಿತ ತಪ್ಪು. ಶುರುವಿನಲ್ಲಿ ಒಂದು ಕಂಪನಿಯ ಪಿ.ಇ ಬರೀ 6 ಅಂತ ಕಂಡು ಖುಷಿಯಿಂದ ಕೊಂಡೆ. ವರದಿಯ ಹಿಂದಿನ ಪುಟಗಳ ಟಿಪ್ಪಣಿ ಓದಲಿಲ್ಲ. ಆ ವರ್ಷ ಅವರು ಹಳೇ ಕಾರ್ಖಾನೆಯ ಜಾಗ ಮಾರಿದ್ದರು. ಲಾಭದ ಅರ್ಧಕ್ಕಿಂತ ಜಾಸ್ತಿ ಆ ಜಾಗದ್ದು. ಮುಂದಿನ ವರ್ಷ ಮಾರಲು ಇನ್ನೊಂದು ಜಾಗ ಇರಲಿಲ್ಲ, ಅಷ್ಟೇ. ಆ ಹಣವನ್ನು ತೆಗೆದಿಟ್ಟು ಭಾಗಿಸಿದ್ದರೆ ಪಿ.ಇ 14 ಬರುತ್ತಿತ್ತು. ಆಗ ನಾನು ಕೊಳ್ಳುತ್ತಲೇ ಇರಲಿಲ್ಲ.

ಉಕ್ಕು, ಸಿಮೆಂಟ್, ಸಕ್ಕರೆಯಂಥ ಏರಿಳಿತದ ಉದ್ಯಮಗಳಲ್ಲಿ ಇದು ಇನ್ನೂ ವಿಚಿತ್ರ. ಲಾಭ ಉತ್ತುಂಗದಲ್ಲಿ ಇರುವಾಗಲೇ ಪಿ.ಇ ತೀರಾ ಕಡಿಮೆ ಕಾಣುತ್ತದೆ, ಬೀಳುವ ಹೊತ್ತೂ ಅದೇ. ಅಲ್ಲಿ ಒಂದು ವರ್ಷದ ಲಾಭ ಬೇಡ. ಏಳರಿಂದ ಹತ್ತು ವರ್ಷದ ಸರಾಸರಿಯಿಂದ ಭಾಗಿಸಿ.

ಪಿ.ಇ ಸಾಲವನ್ನು ಸರಿಯಾಗಿ ತೋರಿಸುವುದಿಲ್ಲ. ಅದಕ್ಕೆ ಇನ್ನೊಂದು ಭಾಗಾಕಾರ. ಕಂಪನಿಯನ್ನು ಇಡಿಯಾಗಿ ಕೊಂಡರೆ ಎಷ್ಟಾಗುತ್ತದೆ ಅಂತ ನೋಡಿ: ಷೇರುಗಳ ಬೆಲೆ 300, ಜೊತೆಗೆ ಸಾಲ 60, ಅದರಲ್ಲಿ ನಗದು 20 ಕಳೆದರೆ 340 ಕೋಟಿ. ಇದನ್ನು ಬಡ್ಡಿ, ತೆರಿಗೆಗೆ ಮುಂಚಿನ ಲಾಭದಿಂದ ಭಾಗಿಸಿ: 340 ÷ 26 = 13. ಒಂದೇ ಉದ್ಯಮದ ಎರಡು ಕಂಪನಿಗಳನ್ನು ಹೋಲಿಸಲು ಈ ಅಂಕಿ ಪಿ.ಇಗಿಂತ ಮೇಲು. ಒಬ್ಬರಿಗೆ ಸಾಲ ಜಾಸ್ತಿ, ಇನ್ನೊಬ್ಬರಿಗೆ ಇಲ್ಲ ಅನ್ನುವ ಗೊಂದಲ ಇಲ್ಲಿ ಕಳೆಯುತ್ತದೆ. ಬ್ಯಾಂಕುಗಳಿಗೆ ಮಾತ್ರ ಇದನ್ನು ಹಚ್ಚಬೇಡಿ. ಸಾಲವೇ ಅವರ ಸರಕು.

ಲಾಭ ಕಾಗದದ್ದಾ, ಕೈಗೆ ಬಂದದ್ದಾ?

ನನಗೆ ಹೆಚ್ಚು ಹೊತ್ತು ಹಿಡಿಯುವ ಭಾಗ ಇದು. ಲೆಕ್ಕಪತ್ರದ ಲಾಭ ಒಂದು ಅಭಿಪ್ರಾಯ. ಬ್ಯಾಂಕ್ ಖಾತೆಗೆ ಬಿದ್ದ ದುಡ್ಡು ಹಾಗಲ್ಲ. ಸರಕು ಸಾಗಿಸಿ ಬಿಲ್ ಹಾಕಿದ ಕೂಡಲೇ ಅದು ಮಾರಾಟ ಅಂತ ದಾಖಲಾಗುತ್ತದೆ. ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ, ಆ ಪಟ್ಟಿಗೆ ಗೊತ್ತಿಲ್ಲ.

ಪಂಪು ಕಂಪನಿಯ ಕ್ಯಾಶ್ ಫ್ಲೋ ಪುಟವನ್ನು ಹತ್ತಿರದಿಂದ ನೋಡೋಣ. ನಿವ್ವಳ ಲಾಭ 15. ಯಂತ್ರಗಳ ಸವಕಳಿ 7 ಅನ್ನು ವಾಪಸ್ ಕೂಡಬೇಕು, ಅದು ಕೈಯಿಂದ ಹೋದ ದುಡ್ಡಲ್ಲ. ಈಗ 22. ಗಿರಾಕಿಗಳಿಂದ ಬರಬೇಕಾದ ಬಾಕಿ ಹೋದ ವರ್ಷ 34 ಇದ್ದದ್ದು ಈ ವರ್ಷ 40 ಆಗಿದೆ. ಅಂದರೆ 6 ಅಲ್ಲಿ ಸಿಕ್ಕಿಕೊಂಡಿದೆ. ಕಂಪನಿ ತಾನು ಸರಬರಾಜುದಾರರಿಗೆ ಕೊಡಬೇಕಾದ್ದರಲ್ಲಿ 2 ಉಳಿಸಿಕೊಂಡಿದೆ. 22 − 6 + 2 = 18. ವ್ಯಾಪಾರದಿಂದ ಬಂದ ನಗದು ಇದು. ಹೊಸ ಯಂತ್ರಕ್ಕೆ ಹಾಕಿದ್ದು 8. ಉಳಿದದ್ದು 10. ಇದೇ ಷೇರುದಾರರಿಗೆ ನಿಜವಾಗಿ ಉಳಿದ ದುಡ್ಡು. ಇನ್ನು ಮುಂದೆ ಇದನ್ನು 'ಉಳಿಕೆ ನಗದು' ಅನ್ನೋಣ. ಲಾಭ 15, ಉಳಿಕೆ 10. ಎರಡನ್ನೂ ನೆನಪಿಡಿ.

ಬಾಕಿಯನ್ನು ದಿನಕ್ಕೆ ಪರಿವರ್ತಿಸಿದರೆ ಕಥೆ ಇನ್ನೂ ಸ್ಪಷ್ಟ. ಬಾಕಿ ÷ ಮಾರಾಟ × 365. ಹೋದ ವರ್ಷ ಮಾರಾಟ 180, ಬಾಕಿ 34: 69 ದಿನ. ಈ ವರ್ಷ 200ಕ್ಕೆ 40: 73 ದಿನ. ನಾಲ್ಕು ದಿನ ಹೆಚ್ಚಾಗಿದೆ. ಒಂದು ವರ್ಷದ ಮಟ್ಟಿಗೆ ಗಾಬರಿ ಬೇಡ. ಆದರೆ ಮೂರು ವರ್ಷ ಸತತವಾಗಿ 60, 73, 90 ಅಂತ ಏರುತ್ತಿದ್ದರೆ, ಮಾರಾಟ ಹೆಚ್ಚಿಸಲು ಸಿಕ್ಕಸಿಕ್ಕವರಿಗೆ ಸಾಲದ ಮೇಲೆ ಸರಕು ತಳ್ಳುತ್ತಿದ್ದಾರೆ ಅಂತ ಅನುಮಾನ ಪಡಬಹುದು.

ಸುಲಭ ಪರೀಕ್ಷೆ ಒಂದಿದೆ. ಐದು ವರ್ಷದ ನಿವ್ವಳ ಲಾಭ ಕೂಡಿ. ಐದು ವರ್ಷದ ವ್ಯಾಪಾರದ ನಗದು ಕೂಡಿ. ಎರಡನೆಯದು ಮೊದಲನೆಯದಕ್ಕೆ ಸಮನಾಗಿಯೋ ಜಾಸ್ತಿಯಾಗಿಯೋ ಇರಬೇಕು. ತುಂಬ ಕಡಿಮೆ ಇದ್ದರೆ, ಮುಂದಿನ ಲೆಕ್ಕಗಳಿಗೆ ಹೋಗುವ ಅಗತ್ಯವೇ ಇಲ್ಲ. ಬೇರೆ ಕಂಪನಿ ನೋಡಿ.

ದುಡ್ಡು ದುಡ್ಡನ್ನು ಎಷ್ಟು ಬೆಳೆಸುತ್ತಿದೆ?

ಷೇರುದಾರರ ಬಂಡವಾಳ 100, ಲಾಭ 15. ಹಾಗಾಗಿ ಬಂಡವಾಳದ ಮೇಲಿನ ಗಳಿಕೆ ಶೇ 15. ಇದನ್ನು ಆರ್.ಓ.ಇ ಅನ್ನುತ್ತಾರೆ. ಒಂದೇ ಅಂಕಿಯಾಗಿ ನೋಡಿದರೆ ಇದು ಮೋಸ ಮಾಡಬಹುದು. ಮೂರು ತುಂಡು ಮಾಡಿ ನೋಡಿ. 20ನೇ ಶತಮಾನದ ಶುರುವಿನಲ್ಲಿ ಡ್ಯೂಪಾಂಟ್ ಕಂಪನಿಯಲ್ಲಿ ಬಳಕೆಗೆ ಬಂದದ್ದಕ್ಕೆ ಈ ವಿಧಾನಕ್ಕೆ ಅದೇ ಹೆಸರು ಉಳಿದಿದೆ.

ಲಾಭ ÷ ಮಾರಾಟ = 15 ÷ 200 = ಶೇ 7.5. ಮಾರಾಟ ÷ ಆಸ್ತಿ = 200 ÷ 200 = 1. ಆಸ್ತಿ ÷ ಬಂಡವಾಳ = 200 ÷ 100 = 2. ಮೂರನ್ನೂ ಗುಣಿಸಿದರೆ ಶೇ 15. ಈಗ ಇನ್ನೊಂದು ಕಂಪನಿ ಊಹಿಸಿಕೊಳ್ಳಿ: ಶೇ 3.75 × 1 × 4. ಅಲ್ಲೂ ಶೇ 15. ಆದರೆ ಅವರ ಗಳಿಕೆ ಬಂದಿರುವುದು ಸಾಲದ ಬಲದಿಂದ. ಬಡ್ಡಿ ದರ ಎರಡು ಅಂಶ ಏರಿದರೆ ಮೊದಲು ಉಸಿರು ಕಟ್ಟುವುದು ಅವರಿಗೆ.

ಈ ಆರ್.ಓ.ಇಯಿಂದ ಇನ್ನೊಂದು ಉಪಯೋಗ ಇದೆ, ಅದೇ ನನಗೆ ಮುಖ್ಯ. ಹೊರಗಿನಿಂದ ದುಡ್ಡು ಎತ್ತದೆ ಕಂಪನಿ ಎಷ್ಟು ವೇಗವಾಗಿ ಬೆಳೆಯಬಹುದು ಅನ್ನುವುದಕ್ಕೆ ಒಂದು ಮೇಲ್ಮಿತಿ ಸಿಗುತ್ತದೆ. ಲಾಭದಲ್ಲಿ ಹಂಚದೆ ಉಳಿಸಿಕೊಂಡ ಪಾಲನ್ನು ಆರ್.ಓ.ಇ ಜೊತೆ ಗುಣಿಸಿ. 15ರಲ್ಲಿ 5 ಹಂಚಿ 10 ಉಳಿಸಿಕೊಂಡಿದ್ದಾರೆ, ಅಂದರೆ ಮೂರರಲ್ಲಿ ಎರಡು ಪಾಲು. ಶೇ 15 × ⅔ = ಶೇ 10. ಈ ಕಂಪನಿ ಈಗಿರುವ ಹಾಗೆ ವರ್ಷಕ್ಕೆ ಶೇ 10ರಷ್ಟು ಬೆಳೆಯಬಲ್ಲದು. ಮ್ಯಾನೇಜ್‌ಮೆಂಟ್ ಸಂದರ್ಶನದಲ್ಲಿ ಶೇ 25 ಬೆಳೆಯುತ್ತೇವೆ ಅಂದರೆ, ದುಡ್ಡು ಎಲ್ಲಿಂದ ತರುತ್ತೀರಿ ಅನ್ನುವುದು ನಿಮ್ಮ ಮೊದಲ ಪ್ರಶ್ನೆಯಾಗಿರಲಿ. ಹೊಸ ಸಾಲ, ಇಲ್ಲವೇ ಹೊಸ ಷೇರು. ಹೊಸ ಷೇರು ಬಂದರೆ ನಿಮ್ಮ ಪಾಲು ತೆಳುವಾಗುತ್ತದೆ.

ಹಿಂದಿನ ಬೆಳವಣಿಗೆಯನ್ನು ಅಳೆಯುವಾಗ ಒಂದು ಎಚ್ಚರ. ಐದು ವರ್ಷದ ಲಾಭ 10, 4, 9, 12, 15 ಅಂತ ಇಟ್ಟುಕೊಳ್ಳಿ. ಮೊದಲ ವರ್ಷದಿಂದ ಲೆಕ್ಕ ಹಾಕಿದರೆ ವಾರ್ಷಿಕ ಬೆಳವಣಿಗೆ ಶೇ 10.7. ಎರಡನೇ ವರ್ಷದಿಂದ ಹಾಕಿದರೆ ಶೇ 55! ಕಂಪನಿ ಅದೇ, ಲಾಭವೂ ಅದೇ. ಎಲ್ಲಿಂದ ಎಣಿಸಲು ಶುರು ಮಾಡಿದರು ಅನ್ನುವುದಷ್ಟೇ ಬೇರೆ. ಜಾಹೀರಾತಿನಂಥ ವರದಿಗಳು ಯಾವಾಗಲೂ ಹೊಂಡದಿಂದಲೇ ಅಳತೆ ಶುರು ಮಾಡುತ್ತವೆ. ಅದು ಆಕಸ್ಮಿಕ ಅಲ್ಲ.

ನಾಳಿನ ದುಡ್ಡನ್ನು ಇವತ್ತಿಗೆ ತರುವುದು

ಒಂದು ವರ್ಷದ ನಂತರ ಸಿಗುವ 112ಕ್ಕೆ ಇವತ್ತು ನೀವು 100 ಕೊಡಲು ಒಪ್ಪಿದರೆ ನಿಮ್ಮ ಡಿಸ್ಕೌಂಟ್ ದರ ಶೇ 12. ಎರಡು ವರ್ಷದ ನಂತರದ ದುಡ್ಡಾದರೆ 1.12ರಿಂದ ಎರಡು ಸಲ ಭಾಗಿಸಿ, ಹತ್ತು ವರ್ಷದ್ದಾದರೆ ಹತ್ತು ಸಲ. ಚಕ್ರಬಡ್ಡಿಯನ್ನು ಹಿಂದಕ್ಕೆ ಓಡಿಸಿದ ಹಾಗೆ. ಕಂಪನಿ ಮುಂದೆ ಕೊಡುವ ಎಲ್ಲ ಉಳಿಕೆ ನಗದನ್ನೂ ಹೀಗೆ ಇವತ್ತಿಗೆ ತಂದು ಕೂಡಿದರೆ ಬರುವುದೇ ಷೇರಿನ ಮೌಲ್ಯ. ಡಿ.ಸಿ.ಎಫ್ (ಡಿಸ್ಕೌಂಟೆಡ್ ಕ್ಯಾಶ್ ಫ್ಲೋ) ಅಂದರೆ ಇಷ್ಟೇ.

ಡಿಸ್ಕೌಂಟ್ ದರ ಎಷ್ಟು ಇಟ್ಟುಕೊಳ್ಳಬೇಕು? ವಿಲಿಯಂ ಶಾರ್ಪ್ 1964ರಲ್ಲಿ ಪ್ರಕಟಿಸಿದ ಕ್ಯಾಪ್‌ಎಂ ಸೂತ್ರ ಇದಕ್ಕೆ ಒಂದು ದಾರಿ ತೋರಿಸುತ್ತದೆ. ಅವರಿಗೆ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು. ಅಪಾಯವಿಲ್ಲದ ಬಾಂಡ್ ಬಡ್ಡಿಗೆ, ಮಾರುಕಟ್ಟೆಯ ಅಪಾಯಕ್ಕೆ ಸಿಗಬೇಕಾದ ಹೆಚ್ಚುವರಿಯನ್ನು ಷೇರಿನ ಬೀಟಾದಿಂದ (ಮಾರುಕಟ್ಟೆಗೆ ಹೋಲಿಸಿದರೆ ಷೇರು ಎಷ್ಟು ಕುಣಿಯುತ್ತದೆ ಅನ್ನುವ ಅಂಕಿಯಿಂದ) ಗುಣಿಸಿ ಕೂಡಬೇಕು. ಬಾಂಡ್ ಶೇ 7, ಹೆಚ್ಚುವರಿ ಶೇ 5, ಬೀಟಾ 1 ಆದರೆ ಶೇ 12. ಬೀಟಾ ಹಳೇ ಬೆಲೆಗಳ ಕುಣಿತದಿಂದ ಬರುತ್ತದೆ. ಹೋದ ವರ್ಷದ ಕುಣಿತ ಕಂಪನಿಯ ಅಪಾಯವನ್ನು ಹೇಳುತ್ತದೆ ಅಂತ ನನಗಂತೂ ಪೂರ್ತಿ ನಂಬಿಕೆಯಿಲ್ಲ. ನಾನು ಮಾಡುವುದು ಸರಳ: ಈ ಅಪಾಯ ತಗೊಳ್ಳಲು ನನಗೆ ವರ್ಷಕ್ಕೆ ಎಷ್ಟು ಸಿಗಬೇಕು ಅಂತ ಕೇಳಿಕೊಂಡು, ಎಲ್ಲ ಕಂಪನಿಗೂ ಅದೇ ದರ ಹಾಕುತ್ತೇನೆ.

ಪಂಪು ಕಂಪನಿಗೆ ಹಾಕೋಣ. ಉಳಿಕೆ ನಗದು 10. ಹತ್ತು ವರ್ಷ ಶೇ 10ರಂತೆ ಬೆಳೆಯಲಿ. ಆಮೇಲೆ ಶಾಶ್ವತವಾಗಿ ಶೇ 4. ಡಿಸ್ಕೌಂಟ್ ಶೇ 12.

ಮೊದಲ ಹತ್ತು ವರ್ಷದ್ದನ್ನು ಒಂದೊಂದಾಗಿ ಇವತ್ತಿಗೆ ತಂದು ಕೂಡಿದರೆ ಸುಮಾರು 91. ಹತ್ತನೇ ವರ್ಷದ ಉಳಿಕೆ 25.9. ಹನ್ನೊಂದನೇ ವರ್ಷದ್ದು ಶೇ 4 ಜಾಸ್ತಿ, ಅಂದರೆ 27. ಅದನ್ನು ಡಿಸ್ಕೌಂಟ್ ದರ ಮತ್ತು ಶಾಶ್ವತ ಬೆಳವಣಿಗೆಯ ವ್ಯತ್ಯಾಸದಿಂದ, ಅಂದರೆ 0.08ರಿಂದ ಭಾಗಿಸಿದರೆ 337. ಇದು ಹತ್ತು ವರ್ಷದ ಆಚೆಯ ಬೆಲೆ. ಇವತ್ತಿಗೆ ತಂದರೆ ಸುಮಾರು 108. ಒಟ್ಟು 199.

ಬೆಲೆ 300, ಮೌಲ್ಯ 199. ಇಲ್ಲಿ ನಾನು ಕಂಪನಿಯ ಪರವಾಗಿ ಸ್ವಲ್ಪ ಉದಾರವಾಗಿಯೂ ಇದ್ದೇನೆ, ಗಮನಿಸಿದಿರಾ? ಶೇ 10 ಬೆಳೆಯಲು 15ರ ಲಾಭದಲ್ಲಿ 10 ವಾಪಸ್ ವ್ಯಾಪಾರಕ್ಕೆ ಹೋಗಬೇಕು. ಆದರೆ 10 ಉಳಿಕೆ ಅಂತ ತೋರಿಸಿ, ಬರೀ 5 ವ್ಯಾಪಾರಕ್ಕೆ ಹಾಕಿದ್ದೇನೆ. ಶೇ 15 ಗಳಿಕೆಯಲ್ಲಿ ಆ 5 ತರುವುದು 0.75. ಅದು ಶೇ 5ರ ಬೆಳವಣಿಗೆ ಮಾತ್ರ. ಸ್ಪ್ರೆಡ್‌ಶೀಟ್ ಈ ತಪ್ಪನ್ನು ಎಂದೂ ಎತ್ತಿ ತೋರಿಸುವುದಿಲ್ಲ. ಬೆಳವಣಿಗೆಯ ಕೋಶದಲ್ಲಿ 10ರ ಬದಲು 20 ಅಂತ ಬರೆದರೂ ಅದು ಸುಮ್ಮನೆ ಒಪ್ಪಿಕೊಳ್ಳುತ್ತದೆ. ಬೆಳೆಯಲು ಬೇಕಾದ ದುಡ್ಡು ಎಲ್ಲಿ ಕಳೆದಿದೆ ಅಂತ ಕೇಳಬೇಕಾದವರು ನೀವೇ.

ಈಗ ಊಹೆಗಳನ್ನು ಸ್ವಲ್ಪ ಅಲ್ಲಾಡಿಸಿ ನೋಡಿ. ಡಿಸ್ಕೌಂಟ್ ಶೇ 11, ಶಾಶ್ವತ ಬೆಳವಣಿಗೆ ಶೇ 5 ಅಂದರೆ ಮೌಲ್ಯ 255. ಡಿಸ್ಕೌಂಟ್ ಶೇ 13, ಶಾಶ್ವತ ಬೆಳವಣಿಗೆ ಶೇ 3 ಅಂದರೆ 165. ಒಂದೊಂದೇ ಅಂಶದ ವ್ಯತ್ಯಾಸಕ್ಕೆ 90ರ ಅಂತರ! ಮೌಲ್ಯ 199.25 ಅಂತ ದಶಾಂಶದವರೆಗೆ ಬರೆದು ಕೊಡುವ ವರದಿ ಕಂಡರೆ ನನಗೆ ನಗು ಬರುತ್ತದೆ. 165ರಿಂದ 255 ಅನ್ನುವುದೇ ಪ್ರಾಮಾಣಿಕ ಉತ್ತರ. ಒಂದೇ ಸಮಾಧಾನ: 300 ಈ ಹರವಿನ ಹೊರಗಿದೆ.

ಅದೇ ಲೆಕ್ಕ, ಹಿಂದಿನಿಂದ ಮುಂದಕ್ಕೆ

ಶುರುವಿನಲ್ಲಿ ಹೇಳಿದ ಎರಡನೇ ಪ್ರಶ್ನೆ ಇಲ್ಲಿ ಬರುತ್ತದೆ. ಮೌಲ್ಯ ಎಷ್ಟು ಅಂತ ಹುಡುಕುವುದು ಬಿಡಿ. ಬೆಲೆ 300 ಅಂತ ಒಪ್ಪಿಕೊಳ್ಳಿ. ಡಿಸ್ಕೌಂಟ್ ಶೇ 12 ಇರಲಿ, ಶಾಶ್ವತ ಬೆಳವಣಿಗೆ ಶೇ 4 ಇರಲಿ. ಈಗ ಹತ್ತು ವರ್ಷದ ಬೆಳವಣಿಗೆಯ ಕೋಶದಲ್ಲಿ ಬೇರೆ ಬೇರೆ ಅಂಕಿ ಹಾಕುತ್ತಾ ಹೋಗಿ. ಶೇ 15 ಹಾಕಿದರೆ ಮೌಲ್ಯ 285. ಶೇ 16 ಹಾಕಿದರೆ 307. ಶೇ 15.7ರ ಹತ್ತಿರ 300 ಸಿಗುತ್ತದೆ. ಸ್ಪ್ರೆಡ್‌ಶೀಟಿನ 'ಗೋಲ್ ಸೀಕ್' ಇದನ್ನು ಒಂದೇ ಕ್ಲಿಕ್ಕಿನಲ್ಲಿ ಮಾಡುತ್ತದೆ. ಕೈಯಿಂದ ನಾಲ್ಕು ಸಲ ಹಾಕಿದರೂ ಸಾಕು.

ಶೇ 15.7 ಅಂದರೆ ಉಳಿಕೆ ನಗದು ಹತ್ತು ವರ್ಷದಲ್ಲಿ 4.3 ಪಟ್ಟಾಗಬೇಕು. ನಮ್ಮ ಮೇಲ್ಮಿತಿ ಶೇ 10, ಅದು ಹತ್ತು ವರ್ಷಕ್ಕೆ 2.6 ಪಟ್ಟು. ಈಗ ಚರ್ಚೆ ಮಾಡಲು ಒಂದು ನಿಜವಾದ ವಿಷಯ ಸಿಕ್ಕಿತು, ಅಲ್ವಾ? ಈ ಕಂಪನಿ ಇವತ್ತು ಮಾರುವ ಪಂಪಿನ ನಾಲ್ಕು ಪಟ್ಟು ಪಂಪು ಕೊಳ್ಳುವವರು ಇದ್ದಾರಾ? ಕಾರ್ಖಾನೆಯಲ್ಲಿ ಅಷ್ಟು ಸಾಮರ್ಥ್ಯ ಇದೆಯಾ? ಇಲ್ಲವೇ ಲಾಭದ ಪ್ರಮಾಣ ಶೇ 7.5ರಿಂದ ಮೇಲೆ ಹೋಗಲು ಕಾರಣ ಏನಾದರೂ ಇದೆಯಾ? ಇವೆಲ್ಲ ಪಂಪಿನ ವ್ಯಾಪಾರ ಗೊತ್ತಿರುವವರು ಉತ್ತರಿಸಬಲ್ಲ ಪ್ರಶ್ನೆಗಳು. 'ಮೇಲೆ ಹೋಗುತ್ತಾ' ಅನ್ನುವುದಕ್ಕೆ ಯಾರೂ ಉತ್ತರಿಸಲಾರರು.

ಇನ್ನೊಂದು ಕೋಶವನ್ನೂ ಹೀಗೇ ಬಿಡಿಸಬಹುದು. ಬೆಳವಣಿಗೆ ಶೇ 10 ಅಂತ ಹಿಡಿದು, ಡಿಸ್ಕೌಂಟ್ ಎಷ್ಟಾದರೆ 300 ಬರುತ್ತದೆ ಅಂತ ನೋಡಿ. ಶೇ 9.5. ಅಂದರೆ ಎಲ್ಲ ನಮ್ಮ ಊಹೆಯಂತೆಯೇ ನಡೆದರೂ ಈ ಬೆಲೆಗೆ ಕೊಂಡವರಿಗೆ ದೀರ್ಘಕಾಲದಲ್ಲಿ ವರ್ಷಕ್ಕೆ ಶೇ 9.5. ನಿಮಗೆ ಅಷ್ಟು ಸಾಕಾದರೆ ಷೇರು ದುಬಾರಿ ಅಲ್ಲ! ದುಬಾರಿ ಅನ್ನುವ ಮಾತು ನೀವು ಬಯಸುವ ದರದ ಮೇಲೆ ನಿಂತಿದೆ.

ಮೂರು ದಾರಿ, ಮೂರು ಸಾಧ್ಯತೆ

ಹತ್ತು ವರ್ಷ ತುಂಬ ದೂರ ಅನ್ನಿಸಿದರೆ ಐದು ವರ್ಷದ ಚಿತ್ರ ಬರೆಯಿರಿ. ಒಂದೇ ಚಿತ್ರ ಬೇಡ, ಮೂರು ಇರಲಿ.

ಕೆಟ್ಟದ್ದು: ಬೆಳವಣಿಗೆ ಶೇ 4ಕ್ಕೆ ಇಳಿದು ಪಿ.ಇ 12 ಆದರೆ, ಷೇರಿನ ಲಾಭ 18.25, ಬೆಲೆ 219. ನಡುವಿನದು: ಬೆಳವಣಿಗೆ ಶೇ 10, ಪಿ.ಇ 17 ಆದರೆ, ಲಾಭ 24.2, ಬೆಲೆ 411. ಒಳ್ಳೆಯದು: ಬೆಳವಣಿಗೆ ಅದೇ ಶೇ 10, ಆದರೆ ಜನ ಹುಚ್ಚೆದ್ದು ಪಿ.ಇ 25 ಕೊಟ್ಟರೆ, ಬೆಲೆ 604. ಎರಡನೆಯದಕ್ಕೂ ಮೂರನೆಯದಕ್ಕೂ ಕಂಪನಿಯ ದುಡಿಮೆ ಒಂದೇ. ವ್ಯತ್ಯಾಸವೆಲ್ಲ ಮಾರುಕಟ್ಟೆಯ ಮನಸ್ಥಿತಿಯದು. ಲಾಭ ಮಾಡಿದೆ ಅಂತ ಬೀಗುವವರಲ್ಲಿ ಎಷ್ಟು ಜನ ಬರೀ ಪಿ.ಇ ಏರಿದ್ದರಿಂದ ಮಾಡಿದರು ಅಂತ ನನಗೆ ಆಗಾಗ ಕುತೂಹಲವಾಗುತ್ತದೆ.

ಈಗ ಸಂಭವನೀಯತೆ ಕೊಡಿ: 30, 50, 20. ಗುಣಿಸಿ ಕೂಡಿದರೆ 66 + 205 + 121 = 392. ಐದು ವರ್ಷದಲ್ಲಿ 300 ಹೋಗಿ 392 ಅಂದರೆ ವರ್ಷಕ್ಕೆ ಶೇ 5.5. ಐದು ವರ್ಷದ ಡಿವಿಡೆಂಡ್ ಸುಮಾರು 30 ಸೇರಿಸಿದರೆ ಶೇ 7.5ರ ಆಸುಪಾಸು. ಶೇ 12 ಬೇಕಾದರೆ ಸುಮಾರು 245ಕ್ಕೆ ಸಿಗಬೇಕಿತ್ತು. ಈ ಶೇಕಡಾವಾರು ನನ್ನ ಅಂದಾಜು, ನೀವು ಬೇರೆ ಹಾಕಬಹುದು. ಆದರೆ ಕೆಟ್ಟ ಸಾಧ್ಯತೆಗೆ ಸೊನ್ನೆ ಹಾಕಬೇಡಿ. ಷೇರಿನ ಮೇಲೆ ಮನಸ್ಸಾದ ಮೇಲೆ ಕೈ ತಾನಾಗಿಯೇ ಸೊನ್ನೆ ಹಾಕುತ್ತದೆ.

ಕಂಪನಿ ಉಳಿಯುತ್ತಾ?

ಇದು ಬೇಗ ಮುಗಿಯುವ ಭಾಗ. ಬಡ್ಡಿಗೆ ಮುಂಚಿನ ಲಾಭವನ್ನು ಬಡ್ಡಿಯಿಂದ ಭಾಗಿಸಿ: 26 ÷ 6 = 4.3. ಮೂರಕ್ಕಿಂತ ಕಡಿಮೆ ಬಂದರೆ ನಾನು ಮುಂದೆ ಹೋಗುವುದಿಲ್ಲ.

ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ಕೊಟ್ಟ, ಕಂಪನಿ ದಿವಾಳಿಯಾಗುವ ಅಪಾಯ ಅಳೆಯುವ ಝಡ್ ಸ್ಕೋರ್ ಕೂಡ ಹಾಕಿ ನೋಡಬಹುದು. ಅದು ತಯಾರಿಕಾ ಕಂಪನಿಗಳಿಗಾಗಿ ಮಾಡಿದ್ದು. ಐದು ಅನುಪಾತಗಳನ್ನು 1.2, 1.4, 3.3, 0.6, 1.0ರಿಂದ ಗುಣಿಸಿ ಕೂಡಬೇಕು. ಅವು ಕ್ರಮವಾಗಿ ದುಡಿಯುವ ಬಂಡವಾಳ (ಒಂದು ವರ್ಷದೊಳಗೆ ನಗದಾಗುವ ಆಸ್ತಿಯಲ್ಲಿ ಅಷ್ಟರೊಳಗೆ ತೀರಿಸಬೇಕಾದ ಬಾಕಿ ಕಳೆದದ್ದು), ಕೂಡಿಟ್ಟ ಲಾಭ, ಬಡ್ಡಿ-ತೆರಿಗೆಗೆ ಮುಂಚಿನ ಲಾಭ ಇವು ಮೂರನ್ನೂ ಒಟ್ಟು ಆಸ್ತಿಯಿಂದ ಭಾಗಿಸಿದ್ದು, ನಾಲ್ಕನೆಯದು ಷೇರುಗಳ ಮಾರುಕಟ್ಟೆ ಬೆಲೆಯನ್ನು ಒಟ್ಟು ಹೊಣೆಯಿಂದ ಭಾಗಿಸಿದ್ದು, ಐದನೆಯದು ಮಾರಾಟವನ್ನು ಆಸ್ತಿಯಿಂದ ಭಾಗಿಸಿದ್ದು. 2.99ರ ಮೇಲೆ ಸುರಕ್ಷಿತ, 1.81ರ ಕೆಳಗೆ ಅಪಾಯ. ದುಡಿಯುವ ಬಂಡವಾಳ 30, ಕೂಡಿಟ್ಟ ಲಾಭ 70 ಅಂತ ಹಿಡಿದರೆ ಪಂಪು ಕಂಪನಿಗೆ 3.9 ಬರುತ್ತದೆ. ಆದರೆ ಒಳಗೆ ಇಣುಕಿ ನೋಡಿ: ಅದರಲ್ಲಿ 1.8 ಬಂದಿರುವುದು ಷೇರಿನ ಬೆಲೆಯಿಂದಲೇ. ಬೆಲೆ ಅರ್ಧವಾದರೆ ಸ್ಕೋರ್ 3ಕ್ಕೆ ಇಳಿಯುತ್ತದೆ. ಬೆಲೆ ಸರಿಯಾ ಅಂತ ಪರೀಕ್ಷಿಸಲು ಹೊರಟವರಿಗೆ ಬೆಲೆಯೇ ಸಾಕ್ಷಿ ಹೇಳಿದ ಹಾಗೆ! ಅದಕ್ಕೇ ಇದನ್ನು ಎಚ್ಚರಿಕೆ ಗಂಟೆಯಾಗಿ ಮಾತ್ರ ಬಳಸಿ.

ಎಷ್ಟು ಕೊಳ್ಳುವುದು?

ನಷ್ಟದ ಗಣಿತ ಸಮ ಅಲ್ಲ. ಅರ್ಧ ಕಳೆದುಕೊಂಡರೆ ಮೊದಲಿನ ಜಾಗಕ್ಕೆ ಬರಲು ಶೇ 100 ಬೇಕು. ಒಂದು ವರ್ಷ ಶೇ 50 ಏರಿ, ಮುಂದಿನ ವರ್ಷ ಶೇ 40 ಇಳಿದರೆ ಸರಾಸರಿ ಶೇ 5 ಲಾಭ ಅನ್ನಿಸುತ್ತದೆ. ಕೈಯಲ್ಲಿ ಉಳಿಯುವುದು 100ಕ್ಕೆ 90.

ಏರಿಳಿತ ಅಳೆಯಲು ದಿನದ ಬದಲಾವಣೆಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಆಚೀಚೆ ಹೋಗುತ್ತವೆ ಅನ್ನುವ ಅಳತೆ) ತೆಗೆದು √252ರಿಂದ ಗುಣಿಸುತ್ತಾರೆ. 252 ಅನ್ನುವುದು ವರ್ಷದ ವಹಿವಾಟಿನ ದಿನಗಳ ಅಂದಾಜು. ದಿನಕ್ಕೆ ಶೇ 2 ಅಂದರೆ ವರ್ಷಕ್ಕೆ ಸುಮಾರು ಶೇ 32. ಈ ಅಳತೆ ಸಾಮಾನ್ಯ ದಿನಗಳಿಗೆ ಸರಿ. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ 22.6 ಬಿತ್ತು. ಬದಲಾವಣೆಗಳು ಸರಾಸರಿಯ ಸುತ್ತಲೇ ಇರುತ್ತವೆ, ದೂರದವು ತೀರಾ ಅಪರೂಪ ಅನ್ನುವ ಗಂಟೆಯಾಕಾರದ ವಕ್ರರೇಖೆಯನ್ನು ನಂಬಿದರೆ ಅಂಥ ದಿನ ವಿಶ್ವದ ಆಯಸ್ಸಿನಲ್ಲೇ ಬರಬಾರದು. ಬಂತು.

ಆದ್ದರಿಂದ ನಾನು ಪ್ರಮಾಣವನ್ನು ಬೇರೆ ಕಡೆಯಿಂದ ಲೆಕ್ಕ ಹಾಕುತ್ತೇನೆ. ಈ ಷೇರು ಅರ್ಧಕ್ಕೆ ಬಿದ್ದರೆ ನನ್ನ ಒಟ್ಟು ಹಣದಲ್ಲಿ ಎಷ್ಟು ಹೋದರೂ ರಾತ್ರಿ ನಿದ್ದೆ ಬರುತ್ತದೆ? ಶೇ 3 ಅಂದರೆ, ಅದನ್ನು 0.5ರಿಂದ ಭಾಗಿಸಿ: ಗರಿಷ್ಠ ಶೇ 6 ಇದರಲ್ಲಿ ಹಾಕಬಹುದು. ಬೆಲ್ ಲ್ಯಾಬ್ಸ್‌ನಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟ, ಪ್ರತಿ ಸಲ ಹಣದ ಎಷ್ಟು ಪಾಲು ಪಣಕ್ಕಿಡಬೇಕು ಅಂತ ಹೇಳುವ ಸೂತ್ರ ಇದಕ್ಕಿಂತ ಸೊಗಸಾಗಿದೆ, ಆದರೆ ಗೆಲ್ಲುವ ಸಂಭವ ಸರಿಯಾಗಿ ಗೊತ್ತಿರಬೇಕು ಅನ್ನುತ್ತದೆ. ಷೇರಿನಲ್ಲಿ ಅದು ಯಾರಿಗೆ ಗೊತ್ತು? ಆ ಸೂತ್ರದಿಂದ ನಾನು ಉಳಿಸಿಕೊಂಡದ್ದು ಒಂದೇ: ನಿಮಗೆ ಮೇಲುಗೈ ಇಲ್ಲದ ಕಡೆ ಉತ್ತರ ಸೊನ್ನೆ.

ಕೊನೇ ಕೋಶ

ಹಾಳೆಯ ಕೊನೆಯಲ್ಲಿ ತಾರೀಕು ಹಾಕಿ ಎರಡು ಸಾಲು ಬರೆಯಿರಿ. ಬೆಲೆ ಏನು ಕೇಳುತ್ತಿದೆ, ಕಂಪನಿ ಏನು ಕೊಡಬಲ್ಲದು, ಯಾವ ಬೆಲೆಗೆ ಮತ್ತೆ ನೋಡಬೇಕು, ಯಾವ ಅಂಕಿ ಕೆಟ್ಟರೆ ಕೈಬಿಡಬೇಕು. ಈಗಲೇ ಬರೆಯಿರಿ. ಬೆಲೆ ಅಲ್ಲಾಡಲು ಶುರುವಾದ ಮೇಲೆ ನೆನಪು ನಮಗೆ ಬೇಕಾದ ಹಾಗೆ ಬದಲಾಗುತ್ತದೆ. ಮುಂದಿನ ಫಲಿತಾಂಶ ಬಂದ ದಿನ ಅದೇ ಹಾಳೆ ತೆರೆದು ಅಂಕಿ ಬದಲಿಸಿ. ಅರ್ಧ ಗಂಟೆಯ ಕೆಲಸ.

ಪಂಪು ಕಂಪನಿಯ ಹಾಳೆಯಲ್ಲಿ ನಾನು ಬರೆಯುವುದು ಹೀಗೆ: ಬೆಲೆ 300, ಕೇಳುವ ಬೆಳವಣಿಗೆ ಶೇ 15.7, ಆಗಬಹುದಾದದ್ದು ಶೇ 10. ಈಗ ಬೇಡ. 200ರ ಹತ್ತಿರ ಬಂದರೆ ಮತ್ತೆ ನೋಡು. ಬಾಕಿ ವಸೂಲಿ 73 ದಿನ, 80 ದಾಟಿದರೆ ಪಟ್ಟಿಯಿಂದ ತೆಗಿ.